ಮೂರನೇ ಶೆಡ್ಡು, ಕಾಗಿಣಾ ದಂಡೆ

ಬಾಗಿಲಿಗೆ ಈಗ ಗಾಜು.
ದೂಡಬೇಕೋ ಎಳೆಯಬೇಕೋ ತಿಳಿಯದೆ ನಿಂತೆ.
ಒಳಗಿನ ಹುಡುಗಿ ತೆರೆದು ‘ಬರ್ರಿ ಕಾಕಾ’ ಅಂದಳು.
ಇಪ್ಪತ್ತೆರಡು ವರ್ಷ ಇದೇ ಜಾಗದಲ್ಲಿ
ಹೆಗಲು ಕೊಟ್ಟು ತಗಡಿನ ಕದ ಸರಿಸಿದವ ನಾನು.
ಆಗ ಯಾರೂ ಬರ್ರಿ ಅಂದಿರಲಿಲ್ಲ,
ತಡವಾಯಿತು ಅನ್ನುತ್ತಿದ್ದರು.

ಶಹಾಬಾದಿನ ಈ ತುದಿಗೆ, ಹೊಳೆ ಮೊಣಕೈ ಮಡಚುವಲ್ಲಿ
ಹನ್ನೊಂದು ಪಾಲಿಶ್ ಮಷೀನು ಇದ್ದವು.
ಪರಸಿಯ ಮೈ ಉಜ್ಜಿದ ಬಿಳಿ ರಾಡಿ
ಕಾಲುವೆ ಹಿಡಿದು ಕಾಗಿಣಾಕ್ಕೆ ಇಳಿಯುತ್ತಿತ್ತು.
ಹದಿನೆಂಟರ ಚಾಂದಪಾಶಾನ ಹುಬ್ಬು
ಅರವತ್ತರ ಮಶಾಕ್ ಮಿಸ್ತ್ರಿಯ ಹುಬ್ಬು
ಊಟದ ಹೊತ್ತಿಗೆ ಒಂದೇ ವಯಸ್ಸು.
ರೊಟ್ಟಿಯ ಗಂಟು ಬಿಚ್ಚುವ ಮೊದಲು
ಮೂಗು ಸೀನಿದರೆ ಅದೂ ಬೆಳ್ಳಗೆ.

ಒಂದನೇ ಶೆಡ್ಡಿನಲ್ಲಿ ಸಾಲಾಗಿ ಗಡಿಗೆ ಇಟ್ಟಿದ್ದಾರೆ,
ಒಂದಕ್ಕೂ ತಳವಿಲ್ಲ.
ಬಗ್ಗಿ ನೋಡಿದರೆ ಆಚೆ ಬದಿಯವರ ಕಣ್ಣು ಕಾಣುತ್ತದೆ.
ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ,
ಎರಡು ಸಲ ನೋಡಿದೆ.

ಎರಡನೇ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಚಕ್ರ,
ನನ್ನ ಎದೆಮಟ್ಟ, ಗೋಡೆಗೆ ನೇತು ಹಾಕಿ
ಮೇಲೆ ಹಳದಿ ದೀಪ ಬಿಟ್ಟಿದ್ದಾರೆ.
ಕೆಳಗೆ ಚೀಟಿ: ‘ಹೆಸರಿಲ್ಲದ್ದು’.
ಹೆಸರಿತ್ತು.
‘ಅತ್ತಿ’ ಅಂತಿದ್ದೆವು,
ದಿನವಿಡೀ ಬೈಯುತ್ತಿದ್ದಳಲ್ಲ, ಅದಕ್ಕೆ.
ಗುಂಡೇರಾವನ ಎರಡು ಬೆರಳು ಕೇಳದೇ ತಗೊಂಡಳು.
ಮುಟ್ಟಬಾರದು ಎಂದೂ ಬರೆದಿದ್ದಾರೆ,
ಆ ಮಾತು ಅವನಿಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ನನ್ನದು.
ಒಳಗೆ ಕತ್ತಲೆ. ಗೋಡೆಯ ಮೇಲೆ ಹೊಳೆ ಹರಿಯುತ್ತಿದೆ,
ಒಂದು ಡಬ್ಬಿಯೊಳಗಿಂದ ಅದರ ಸದ್ದು.
ಹೊಳೆಯ ಚಿತ್ರ ತೋರಿಸುವ ಸಲುವಾಗಿ
ಹೊಳೆಯ ಕಡೆಯ ಕಿಟಕಿಗೆ ಇಟ್ಟಿಗೆ ಕಟ್ಟಿದ್ದಾರೆ.

ನಾನು ಮೂಲೆಗೆ ಹೋಗಿ ಗೋಡೆ ತಡವಿದೆ.
‘ಏನ್ ಹುಡುಕಲತ್ತೀರಿ ಕಾಕಾ?’
ಹುಡುಗಿಯ ಹೆಸರು ನಿಖತ್,
ಉಗುರಿನ ಸುತ್ತ ನೀಲಿ ಬಣ್ಣ ಒಣಗಿತ್ತು.
ಗೆರೆ ಅಂದೆ. ಹೊಳೆ ಒಳಗೆ ಬಂದಾಗೆಲ್ಲ
ನೀರು ನಿಂತಷ್ಟು ಎತ್ತರಕ್ಕೆ
ಮಶಾಕ್ ಮಿಸ್ತ್ರಿ ಉಳಿಯಿಂದ ಒಂದು ಗೆರೆ ಕೊರೆಯುತ್ತಿದ್ದ.
ಅವನಿಗೆ ಅಕ್ಷರ ಬರುತ್ತಿರಲಿಲ್ಲ.
ಗೆರೆಯ ಪಕ್ಕ ಚುಕ್ಕೆ ಹಾಕುತ್ತಿದ್ದ,
ಆ ರಾತ್ರಿ ಪಾಳಿಯಲ್ಲಿ ಎಷ್ಟು ಜನವೋ ಅಷ್ಟು.

ಅವಳು ಮೊಬೈಲಿನ ಬೆಳಕು ಗೋಡೆಗೆ ಅಡ್ಡ ಹಿಡಿದಳು.
ಮೂರು ಕೈ ಬಣ್ಣದ ಕೆಳಗೆ
ಹಳೆಯ ಗಾಯದ ಹಾಗೆ ಎದ್ದವು:
ಮೊಳಕಾಲಿನದು, ನಾಲ್ಕು ಚುಕ್ಕೆ.
ಸೊಂಟದ್ದು, ಆರು.
ಮೂರನೆಯದು ಅವಳ ನೆತ್ತಿಗಿಂತ ಮೇಲೆ.
ಬೆನ್ನು ಹಚ್ಚಿ ನಿಂತು, ಅಂಗೈ ತಲೆಯ ಮೇಲಿಟ್ಟು
ಅಳೆದು ನೋಡಿದಳು.

‘ಏಳು ಚುಕ್ಕಿ ಅವ. ಒಂದಕ್ಕ ಸುತ್ತು ಯಾಕ?’

ಜಗದೇವಿ ಅಂದೆ. ರಾಡಿ ಬಳಿಯುತ್ತಿದ್ದಳು.
ಮೋಟರು ನೆನೆದರೆ ಪಗಾರದಲ್ಲಿ ಮುರಿಯುತ್ತಾರೆಂದು
ಎತ್ತಿಡಲು ಹೋದಳು.
ಉಳಿದದ್ದು ಹೇಳಲಾಗದೆ
ಹೊಳೆಯ ಕಡೆ ಕೈ ಮಾಡಿದೆ.
ಅಲ್ಲಿ ಕಿಟಕಿ ಇರಲಿಲ್ಲ.

ಗೋಡೆಯ ಮೇಲಿನ ನೀರು ಮುಗಿದು
ಮತ್ತೆ ಮೊದಲಿನಿಂದ ಹರಿಯತೊಡಗಿತು,
ಅದೇ ಕೊಕ್ಕರೆ ಅದೇ ಕಲ್ಲಿನಿಂದ ಹಾರಿತು.
ನಿಖತ್ ಡಬ್ಬಿಯ ಸದ್ದು ಆರಿಸಿದಳು.
ಆಗ ಇಟ್ಟಿಗೆಯ ಆಚೆಯಿಂದ,
ತೀರ ಸಣ್ಣಗೆ, ಬೇಸಿಗೆಯ ಹೊಳೆ.

ಚಹಾ ತರಿಸಿದಳು. ಈ ಗೋಡೆಗೆ ಏನು ಬರೆಯಲಿ ಅಂದಳು.
ನನಗೇನು ಗೊತ್ತು, ನಾನು ಕಲ್ಲು ಉಜ್ಜುವವ.
ಬಣ್ಣ ಮಾತ್ರ ಕೆರೆಸವ್ವಾ ಅಂದೆ, ಮೆಲ್ಲಗೆ,
ಉಳಿಯ ಗೆರೆ ಕೆಡಬಾರದು. ಮತ್ತೆ,
ಮುಂದಿನ ಬಾಗಿಲಿಗೆ
ದೂಡೋದೋ ಎಳೆಯೋದೋ ಒಂದು ಚೀಟಿ ಹಚ್ಚು.

ಹೊರಗೆ ಬಂದು, ರೂಢಿಯ ಹಾಗೆ,
ಅಂಗಿ ಝಾಡಿಸಿದೆ.
ಏನೂ ಉದುರಲಿಲ್ಲ.