ಒಮ್ಮೆ ಮಾತ್ರ ಕೇಳುತ್ತದೆ

ಕೊವಿಲ್ಯಾದ ಉಣ್ಣೆ ಗಿರಣಿ, ಎರಡನೇ ಮಹಡಿ.
ನೇಯ್ಗೆಯ ವಿನ್ಯಾಸಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ
ಹಳೇ ಕಂಪ್ಯೂಟರು
ಮಂಗಳವಾರದಿಂದ ಮೌಸನ್ನು ಕಂಡೇ ಇಲ್ಲವೆನ್ನುತ್ತಿದೆ.
ಟ್ಯಾಬ್ ಒತ್ತಿ, ಬಾಣ ಒತ್ತಿ,
ಕತ್ತಲಲ್ಲಿ ಗೋಡೆ ತಡವಿದ ಹಾಗೆ
ಮೂರು ದಿನ ಕೆಲಸ ಸಾಗಿಸಿದ್ದಾಳೆ ಇದಲೀನಾ.

ಹೊಸದೊಂದು ತಂದಿದ್ದೆ.
ಬಾಲಕ್ಕೆ ಹಸಿರು ಟೋಪಿ ತೊಡಿಸಿ ಹಸಿರು ತೂತಿಗೆ ಸಿಕ್ಕಿಸಿದೆ.
ಕೆಂಪು ದೀಪವೇನೋ ಹತ್ತಿತು, ಬಾಣ ಮಿಸುಕಲಿಲ್ಲ.
ಟೋಪಿ ಇಟ್ಟ ಮಾತ್ರಕ್ಕೆ ನೆಂಟನಾಗುವುದುಂಟೆ?
ಇದಕ್ಕೆ ಈ ಪೆಟ್ಟಿಗೆಯ ಭಾಷೆಯೇ ಬಾರದು.

ಡ್ರಾಯರಿನ ತಳದಲ್ಲಿತ್ತು ಗುಂಡಿನ ಮೌಸ್.
ಅಂಗಾತ ಮಲಗಿಸಿ ಬಿಚ್ಚಿದೆ:
ಉರುಳೆಗಳಿಗೆ ಸುತ್ತಿಕೊಂಡ ಉಣ್ಣೆ, ಪದರ ಪದರ.
ಮೇಲೆ ಬೂದು. ಅದರಡಿ ಕಡುನೀಲಿ.
"ರೈಲ್ವೆಯವರ ಕೋಟು," ಎಂದಳು ಥಟ್ಟನೆ,
"ನಮ್ಮ ಕೊನೆಯ ದೊಡ್ಡ ಆರ್ಡರು."
ಕೆರೆದದ್ದನ್ನು ಬುಟ್ಟಿಗೆ ಹಾಕಗೊಡಲಿಲ್ಲ.

ಸಿಕ್ಕಿಸಿದೆ. ಊಹೂಂ.

ಆ ಕಾಲದ ಯಂತ್ರಗಳ ಗುಣವೇ ಹಾಗೆ.
ಕಣ್ಣು ಬಿಡುವಾಗ ಒಮ್ಮೆ ಕೇಳುತ್ತವೆ, ಯಾರ್ಯಾರಿದ್ದೀರಿ?
ಆಗ ಓ ಅಂದವರದ್ದಷ್ಟೇ ಲೆಕ್ಕ.
ತಡವಾಗಿ ಬಂದವರು ಬಾಗಿಲಲ್ಲೇ ನಿಂತಿರಬೇಕು, ದಿನವಿಡೀ.
"ಆರಿಸಿ ಮತ್ತೆ ಹೊತ್ತಿಸಬೇಕು, ಅಷ್ಟೆ," ಎಂದೆ.

ಅಷ್ಟೆ!
ಕೆಲಸ ಬಿಡುವಾಗ ಬೆಲ್ಮೀರು ಹೇಳಿದ್ದನಂತೆ,
ಇದನ್ನು ಆರಿಸಬೇಡ, ಮಲಗಿದರೆ ಎದ್ದೀತೆಂಬ ಭರವಸೆಯಿಲ್ಲ.
ಹನ್ನೊಂದು ವರ್ಷದ ಹಿಂದೆ.
ಗುಂಡಿಯ ಮೇಲೆ ಅಂಟುಪಟ್ಟಿ, ಅದರ ಮೇಲೆ
ಅವನ ಕೈಬರಹದಲ್ಲಿ ಒಂದೇ ಪದ: ಬೇಡ.

ಬೆಟ್ಟ ಅಗೆದು ಇಲಿ ಹಿಡಿಯುವುದು ಇದ್ದದ್ದೇ,
ಇಲಿಗಾಗಿ ಬೆಟ್ಟವನ್ನೇ ಪಣಕ್ಕಿಡುವುದು ನನಗಿದೇ ಮೊದಲು.

ಪಟ್ಟಿಯನ್ನು ಅವಳೇ ಕಿತ್ತಳು. ಅವಳೇ ಒತ್ತಿದಳು.

ಫ್ಯಾನು ನಿಂತಿತು.
ಕೆಳಗೆಲ್ಲೋ ಕಲ್ಲಿಗೆ ನೀರು ತಾಗುವ ಸದ್ದು.
"ಹೊಳೆ ಇಷ್ಟು ಹತ್ತಿರವೇ?"
ಹತ್ತು ಎಣಿಸಿದೆ. ಇನ್ನೂ ಹತ್ತು ಎಣಿಸು ಎಂದಳು.

ಕರಿ ಪರದೆ. ಒಂದು ಬೀಪ್.
ಇಸವಿ ಮರೆತಿದೆ, ಯಾವುದಾದರೂ ಕೀಲಿ ಒತ್ತಿ, ಎಂದಿತು.
ಒತ್ತಿದೆ.
ಬಹಳ ಹೊತ್ತಿನ ಮೇಲೆ ನಡುವಲ್ಲೊಂದು ಬಾಣ,
ಕೈ ತಾಗಿದ್ದೇ ಬೆಚ್ಚಿ ಮೂಲೆಗೋಡಿತು.

ಕಾಫಿ ಕೊಟ್ಟಳು. ದುಡ್ಡಿಗೆ ಚೌಕಾಸಿಯನ್ನೂ ಮಾಡಿದಳು.
ಮೆಟ್ಟಿಲಿಳಿಯುವ ಮುಂಚೆ ತಿರುಗಿ ನೋಡಿದರೆ
ಬಲಗೈ ಮೌಸಿನ ಮೇಲೆ ಸುಮ್ಮನಿದೆ,
ಎಡಗೈ
ಟ್ಯಾಬ್ ಒತ್ತುತ್ತಿದೆ.