ಏನು ನಡೀಬೇಕು ಇದರ ಮೇಲೆ?

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಧನಸುಖಭಾಯಿ
ಮೊದಲು ಕೇಳಿದ್ದು ಬಜೆಟ್ಟಲ್ಲ:
"ಏನು ನಡೀಬೇಕು ಇದರ ಮೇಲೆ?"

ಕೌಂಟರಿನಲ್ಲಿ ಮೂರು ಪೆಟ್ಟಿಗೆ.
ಒಂದು ಟಿಫಿನ್ ಡಬ್ಬಿಯಷ್ಟು,
ಒಂದು ಹೊಲಿಗೆ ಮಿಷನ್ನಿನಷ್ಟು,
ಇನ್ನೊಂದಕ್ಕೆ ಚಕ್ರ, ಎಳೆಯುವ ಹಿಡಿ, ಊರಿಗೆ ಹೊರಟ ಹಾಗೆ.

ಫ್ಯಾನು, ಅಂದೆ. ಎರಡು ಮೊಬೈಲು. ಒಂದು ದೀಪ.
ಪವನಾ ಕೆರೆಯ ದಂಡೆಯಲ್ಲಿ ಡೇರೆ, ಎರಡು ರಾತ್ರಿ,
ಬರುವ ಡಿಸೆಂಬರಿನಲ್ಲಿ.
ಡಿಸೆಂಬರಿನಲ್ಲಿ ಫ್ಯಾನೇ ಎಂದು ಅವನು ನಗಲಿಲ್ಲ.
ಸ್ಟೂಲು ಸರಿಸಿದ. ಕೂತೆ. ಹೇಳಿದೆ.

ಮದುವೆಗೆ ಮುಂಚೆ ಹರಿಶ್ಚಂದ್ರಗಡದ ಬಂಡೆಯ ಮೇಲೆ
ಬರೀ ಕಂಬಳಿ ಹೊದ್ದು ಮಲಗಿದವನು ವಾದಿರಾಜ.
ಈಗ ನಾಲ್ಕು ವರ್ಷ, ಮನೆಯ ಹೊರಗೆ ಒಂದು ನಿದ್ದೆಯಿಲ್ಲ.
ಸಾಂಗ್ಲಿಯಲ್ಲಿ ತಂಗಿಯ ಮಗಳ ಮದುವೆ,
ಊಟದೆಲೆ ಎತ್ತುವ ಮೊದಲೇ ಬಸ್ಸು ಹಿಡಿದು ಬಂದ
ಮೂಗಿಗೆ ಕಟ್ಟುವ ಕೊಳವೆಯನ್ನು ಬೀಗರು ನೋಡಬಾರದೆಂದು.

ಯಂತ್ರದ ಬೆನ್ನು ನೋಡಿಕೊಂಡು ಬಂದಿದ್ದೆ: ಮೂವತ್ತೈದು ವ್ಯಾಟು.
ಎಂಟು ತಾಸಿಗೆ ಇನ್ನೂರ ಎಂಬತ್ತು.
ನೀರಿನ ಡಬ್ಬಿ ಬಿಸಿಯಾದರೆ ದುಪ್ಪಟ್ಟು, ಅದನ್ನು ಬಿಟ್ಟುಬಿಡಿ.
"ಬರೆದದ್ದೆಲ್ಲ ಸಿಗೋದಿಲ್ಲ ಬೆಹೆನ್, ನೂರಕ್ಕೆ ಎಂಬತ್ತೈದು ಹಿಡೀರಿ."
ಐನೂರ ಹನ್ನೆರಡರ ಪೆಟ್ಟಿಗೆಯಲ್ಲಿ
ಒಂದು ರಾತ್ರಿ ಇದೆ, ಮತ್ತೆ ಅರ್ಧ.
ಎರಡನೆಯದು?
ಹಗಲು ಇದನ್ನು ಹಾಸಿ ಎಂದು ಮಡಚುವ ಫಲಕ ಬಿಡಿಸಿದ.
ಹಪ್ಪಳ ಒಣಗಿಸಿದ ಹಾಗೆ, ನೆರಳು ಬಂದಲ್ಲಿಂದ ಎತ್ತಿ ಎತ್ತಿ.

ಅಗ್ಗದ್ದು ಬೇಡವೆಂದ. ಅದರ ಅಲೆಗೆ ಗರಗಸದ ಹಲ್ಲು,
ಸೂಕ್ಷ್ಮ ಯಂತ್ರ ಗೊಣಗುತ್ತದೆ.
ಚಕ್ರದ್ದಕ್ಕೆ ಇಪ್ಪತ್ತೆರಡು ಕಿಲೋ.
ಕೆರೆಗಿಳಿಯುವ ಕಲ್ಲುದಾರಿಯಲ್ಲಿ ಅದನ್ನು ಹೊರುವವರಾರು,
ಅವನೇ ಹೊರುತ್ತೇನೆಂದರೆ ಬೇಡ ಎನ್ನುವವರಾರು?
ನಡುವಿನದು ಏಳು ಕಿಲೋ. ಕಬ್ಬಿಣ ಬೆರೆತ ಬ್ಯಾಟರಿ,
"ಮೂರು ಸಾವಿರ ಸಲ ತುಂಬಿ, ಚಿಂತೆಯಿಲ್ಲ."
ಮೂರು ಸಾವಿರ ರಾತ್ರಿ ಎಂದರೆ ಎಂಟು ವರ್ಷ, ಚಿಲ್ಲರೆ.
ಭಾಗಿಸಬಾರದಿತ್ತು.

ಕಾರ್ಡು ಕೊಟ್ಟೆ. ಕೊಡುವಾಗ ಜುಲೈ ನೆನಪಾಯಿತು.
ಸೊಸೈಟಿಯ ಮೀಟರ್ ಕೋಣೆಗೆ ಮೊಣಕಾಲುದ್ದ ನೀರು,
ಎರಡು ರಾತ್ರಿ ಕತ್ತಲು.
ಕುರ್ಚಿಯಲ್ಲಿ ಕೂತೇ ಮಲಗಿದ್ದ.
ಉಸಿರು ನಿಲ್ಲುತ್ತಿತ್ತು. ಎಣಿಸುತ್ತಿದ್ದೆ. ಹತ್ತು, ಹನ್ನೊಂದು,
ಹದಿನಾಲ್ಕಕ್ಕೆ ಪಕ್ಕೆಗೆ ಮೊಣಕೈ.
ಬೆಳಗಿನವರೆಗೆ ಮೊಣಕೈ.
ಅದು ಎಷ್ಟು ವ್ಯಾಟಿನದೋ, ಬೆನ್ನ ಮೇಲೆ ಬರೆದಿಲ್ಲ.

ಗ್ರಾಂಟ್ ರೋಡಿನಿಂದ ಗೋರೆಗಾಂವಿಗೆ ಸ್ಲೋ ಲೋಕಲ್ಲು,
ತೊಡೆಯ ಮೇಲೆ ಏಳು ಕಿಲೋ, ಮೇಲೆ ಫಲಕದ ಚೀಲ.
ಎದುರಿಗೆ ಬಟಾಣಿ ಸುಲಿಯುತ್ತಿದ್ದವಳು ಕೇಳಿದಳು,
"ಕುಕ್ಕರಾ?"
ಹೂಂ ಅಂದೆ. ದೊಡ್ಡದು.
ಎಷ್ಟು ಜನಕ್ಕೆ?
ಒಬ್ಬರಿಗೆ.
ಬಾಂದ್ರಾದವರೆಗೂ ನನ್ನನ್ನೇ ನೋಡುತ್ತಿದ್ದಳು.

ನಂಬುವುದು ಹೇಗೆ? ಶನಿವಾರ ಅವನು ಮಲಗಿದ ಮೇಲೆ
ಮಂಚದ ಕೆಳಗೆ ಪೆಟ್ಟಿಗೆ ಇಟ್ಟು, ಪ್ಲಗ್ಗು ಬದಲಿಸಿ,
ಬಾಗಿಲ ಮೇಲಿನ ಮೇನ್ ಸ್ವಿಚ್ಚು ಇಳಿಸಿಬಿಟ್ಟೆ.
ಪಂಖ ಮೂರು ಸುತ್ತು ಸೋತು ನಿಂತಿತು.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಇಷ್ಟು ಸದ್ದು ನಮ್ಮ ಮನೆಯಲ್ಲಿತ್ತೇ?
ಅದೆಲ್ಲ ಹೋದ ಮೇಲೆ ಉಳಿದದ್ದು ಇವನ ಉಸಿರು,
ಹೋಗಿ, ಬಂದು. ಹೋಗಿ, ಬಂದು.

ನೆಲದ ಮೇಲೆ ಕೂತು ಹಸಿರು ಅಂಕಿ ನೋಡಿದೆ.
ತೊಂಬತ್ತು.
ಎಪ್ಪತ್ತಾರು.
ಮೊದಲ ಲೋಕಲ್ಲು ಹೋದಾಗ ಐವತ್ತೊಂಬತ್ತು.
ಮೊಣಕೈ ತನ್ನಷ್ಟಕ್ಕೆ ಒಮ್ಮೆ ಎದ್ದು
ಕೆಲಸವಿಲ್ಲದೆ ಮಡಿಲಿಗೆ ಇಳಿಯಿತು.

ಆರೂವರೆಗೆ ಎದ್ದ. ಮುಖದ ಮೇಲೆ ಪಟ್ಟಿಯ ಗೆರೆ,
ಕತ್ತು ಬೆವರು. ಮೇಲೆ ನೋಡಿದ.
"ಕರೆಂಟು ಹೋಗಿತ್ತಾ?"
ಯಾವಾಗಲೋ, ಅಂದೆ.
"ಗೊತ್ತೇ ಆಗಲಿಲ್ಲ ನೋಡು."

ಮೂವತ್ತೊಂಬತ್ತು ಉಳಿದಿತ್ತು.
ಫ್ರಿಜ್ಜು ತೆರೆದರೆ ದೋಸೆ ಹಿಟ್ಟು ರಾತ್ರಿಯಿಡೀ ಉಬ್ಬಿ
ಪಾತ್ರೆ ದಾಟಿ, ಕೊತ್ತಂಬರಿ ದಾಟಿ,
ಕೆಳಗಿನ ತಟ್ಟೆಗೆ ಇಳಿಯುತ್ತಿತ್ತು.
ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ನಾನು.