ಚಿಗಳಿ

ನತಾಲಿಗೆ ಏಳು ತಿಂಗಳು.
ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆ
ನುಂಗುತ್ತಾಳೆ, ಹೊರಗೆ ಓಡುತ್ತಾಳೆ,
ಬಾಯೊರೆಸಿಕೊಂಡು ಬಂದು ಅದೇ ಮಾತು:
ಅಕ್ಕಾ, ಒಂದು ಬೆರಳಷ್ಟು ಚಿಗಳಿ ಚಟ್ನಿ.

ಮಡಗಾಂವಿನಲ್ಲಿ ಏನಿಲ್ಲ?
ಮಾರುಕಟ್ಟೆಯಲ್ಲಿ ಚೊರಿಸ್ ಮಾಲೆ ಮಾಲೆ ತೂಗುತ್ತದೆ,
ಪಾವ್ ಸೈಕಲ್ಲಿನಲ್ಲಿ ಪೋಂ ಪೋಂ ಎಂದು ಬಾಗಿಲಿಗೇ ಬರುತ್ತದೆ.
ಇರುವೆ ಬೇಕೆಂದರೆ
ಅಂಗಡಿಯವ ಇರುವೆ ಕೊಲ್ಲುವ ಸೀಮೆಸುಣ್ಣ ಕೊಟ್ಟಾನು.
ನಮ್ಮ ಮನೆಯೊಡತಿ ಎಸ್ಪೆರಾನ್ಸ ಬಾಯಿ
ಅದರಲ್ಲೇ ಪ್ರತಿ ಶನಿವಾರ ನಮ್ಮ ಹೊಸ್ತಿಲಿಗೆ
ಗೆರೆ ಎಳೆಯುತ್ತಾಳೆ. ರಂಗೋಲಿಗಿಂತ ನೆಟ್ಟಗೆ.

ಯಲ್ಲಾಪುರಕ್ಕೆ ಫೋನು ಮಾಡಿದೆ.
ಹುರಿದು, ಉಪ್ಪು ಹಾಕಿ, ಡಬ್ಬಿಯಲ್ಲಿ ತಾ ಅಂದಿದ್ದೆ.
ನನ್ನ ತಮ್ಮ ಬಸ್ತ್ಯಾಂವ, ತಲೆಯಿಲ್ಲದವ,
ಹೊಲಿದ ಎಲೆಯ ಇಡೀ ಕೊಟ್ಟೆಯನ್ನೇ
ಲುಂಗಿಯಲ್ಲಿ ಕಟ್ಟಿ, ಬಸ್ಸಿನಲ್ಲಿ, ತೊಡೆಯ ಮೇಲೆ.
ಕಾರವಾರ ದಾಟುವಾಗ ಒಂದು ಹೊರಬಂತಂತೆ.
ಪೋಳೆಂ ನಾಕಾದಲ್ಲಿ ಪೊಲೀಸ್ ಹತ್ತಿದ: ಗಂಟಿನಲ್ಲೇನು?
ಊಟ, ಅಂದ ಇವ.
ಬಿಚ್ಚು, ಅಂದ ಅವ.
ಆಮೇಲೆ ಯಾರೂ ಏನೂ ಕೇಳಲಿಲ್ಲವಂತೆ.
ಇಡೀ ಬಸ್ಸು ಎದ್ದು ನಿಂತೇ ಮಡಗಾಂವಿಗೆ ಬಂತು.

ಒರಳಿಲ್ಲ. ಆರು ಹೆಂಗಸರಿಗೆ
ಒಂದು ಸ್ಟೋವು, ಮೂರು ಪಾತ್ರೆ.
ಊರಲ್ಲಾದರೆ ಅಜ್ಜಿ ಕಲ್ಲಿನ ಮುಂದೆ ಕೂತು
ಮೆಣಸು, ಬೆಳ್ಳುಳ್ಳಿ, ಉಪ್ಪು, ಆಮೇಲೆ ಇವು,
ಬರಿಗೈಯಲ್ಲಿ ದೂಡುತ್ತಿದ್ದಳು. ಕಚ್ಚಿದರೆ
ಇರುವೆಗೆ ಬೈಯುವವಳಲ್ಲ,
ಉಪ್ಪಿಗೆ ಬೈಯುತ್ತಿದ್ದಳು, ಕಡಿಮೆ ಬಿತ್ತೆಂದು.

ನಾನು ಕೆಲಸ ಮಾಡುವ ನಾಲ್ಕನೇ ಮಹಡಿಯಲ್ಲಿ
ಬಾಯಿ ಮಧ್ಯಾಹ್ನ ಎರಡಕ್ಕೆ ಮಲಗುತ್ತಾಳೆ.
ಮಿಕ್ಸರು ಮೂರೇ ಸುತ್ತು ಕೂಗಿತು.
ಸಾಬೂನು ಹಾಕಿ ತೊಳೆದೆ, ಮತ್ತೆ ತೊಳೆದೆ, ಮೇಲೆ ಬಿಸಿನೀರು.
ಮರುದಿನ ದೋಸೆಗೆ ಕೂತವಳು ನಾಲಿಗೆ ಚಪ್ಪರಿಸಿ
ಚಟ್ನಿಗೆ ಇವತ್ತು ಲಿಂಬೆ ಹಿಂಡಿದ್ದೀಯಾ? ಎಂದಳು.
ಹೂಂ ಅಂದೆ.
ದಿನಾ ಹಿಂಡು, ಅಂದಳು.

ನತಾಲಿ ಗಂಜಿಯ ಜೊತೆ ನೆಂಜಿಕೊಂಡು ಉಂಡಳು.
ಹೊರಗೆ ಓಡಲಿಲ್ಲ.
ರುಜಾಯ್ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು.
ಸಿದ್ದಿಯರು ಇರುವೆ ತಿನ್ನುತ್ತಾರಂತೆ, ಹೌದಾ? ಎಂದು
ಹೋಟೆಲಿನಲ್ಲಿ ಕೇಳಿದವರಿಗೆಲ್ಲ
ಛೆ ಛೆ ನಮ್ಮಲ್ಲಿಲ್ಲ ಎಂದು
ಎಂಟು ವರ್ಷ ಹೇಳಿ ಹೇಳಿ ತಾನೇ ನಂಬಿದವಳು.
ರಾತ್ರಿ ಕತ್ತಲಲ್ಲಿ ಬಟ್ಟಲು ಸದ್ದಾಯಿತು.
ಬೆಕ್ಕು, ಅಂದಳು ನತಾಲಿ, ನಗದೆ.
ಬೆಕ್ಕು ಬೆರಳು ಚೀಪುವುದನ್ನು
ನಾವೆಲ್ಲ ಮಲಗಿದಲ್ಲೇ ಕೇಳಿಸಿಕೊಂಡೆವು.

ತಪ್ಪಿಸಿಕೊಂಡವು ಎಷ್ಟೋ.
ಕೆಲವು ಬಿಳಿ ಗೆರೆಯ ಬಳಿ ಸುರುಟಿ ಬಿದ್ದಿದ್ದವು,
ಕೆಲವು ಗೆರೆ ಮುಟ್ಟದೆ ಗೋಡೆ ಹತ್ತಿದವು.
ಗೋಡೆಯಾಚೆ ಎಸ್ಪೆರಾನ್ಸ ಬಾಯಿಯ ಮಾನ್‌ಕುರಾದ್ ಮಾವು.
ಕೆಲಸಕ್ಕೆ ಹೊರಡುವಾಗ ಕತ್ತೆತ್ತಿ ನೋಡುತ್ತೇನೆ.
ನಿನ್ನೆ ಎರಡೆಲೆ ಹತ್ತಿರ ಹತ್ತಿರ ಇದ್ದವು.
ಗಾಳಿಗಿರಬೇಕು.